ಅಂಬಾಸಿಡರ್ ನೋವಾ ಡೀಸೆಲ್: ಇಷ್ಟು ಮಳೆಗಾಲಗಳ ನಂತರ, ಹಿಂದಿನ ಆಕ್ಸಲ್‌ನ ಒಂದು ಸದ್ದಿನ ಬಗ್ಗೆ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಗಡೆ ಇದೆ. ಡಾಂಬರು ಬಿಟ್ಟ ಮೇಲೆ ತೋಟದವರೆಗೂ ಮಣ್ಣುದಾರಿ. 2006ರಲ್ಲಿ ಅಪ್ಪಯ್ಯ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಈ ಕಾರು ಇಂದಿಗೂ ಅದೇ ದಾರಿಯಲ್ಲಿ ಓಡುತ್ತಿದೆ. 1489 ಸಿಸಿ ಎಂಜಿನ್, 37 ಅಶ್ವಶಕ್ತಿ ಅಷ್ಟೆ. ಘಾಟಿಯ 14 ತಿರುವುಗಳನ್ನು ಹತ್ತುವಾಗ ಹಿಂದಿನವರಿಗೆಲ್ಲ ದಾರಿ ಬಿಟ್ಟುಕೊಡಬೇಕು. ಡ್ರಮ್ ಬ್ರೇಕಿಗೆ ನೀರು ಹೊಕ್ಕರೆ ಸ್ವಲ್ಪ ದೂರ ಎಚ್ಚರದಿಂದಿರಬೇಕು. ಆದರೆ ಐದು ಜನ ಕುಳಿತು, ಡಿಕ್ಕಿಯಲ್ಲಿ ಅಡಕೆ ಮೂಟೆ ಹಾಕಿಕೊಂಡು, ಗುಂಡಿ ಬಿದ್ದ ದಾರಿಯಲ್ಲಿ ಬೆನ್ನು ನೋಯದೆ ಮನೆ ಸೇರಿಸುವ ಇನ್ನೊಂದು ಕಾರನ್ನು ನಾನು ಕಂಡಿಲ್ಲ.

ಎರಡು ವರ್ಷಗಳ ಹಿಂದೆ, ಮಳೆ ಹಿಂದೆಗೆಯುತ್ತಿದ್ದ ಹೊತ್ತಿಗೆ, ಹಿಂಭಾಗದಿಂದ ಸದ್ದು ಶುರುವಾಯಿತು. ಕ್ಲಚ್ ಬಿಟ್ಟಾಗ ಒಂದು ‘ಟಕ್’. ಮಂಡಗದ್ದೆಯ ಹತ್ತಿರ ರಸ್ತೆಯುಬ್ಬು ದಾಟುವಾಗ ‘ಧಡ್’. ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಐದು ನಿಮಿಷ ಓಡಿಸಿ ನೋಡಿ, ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಒಳಗಿನ ಹಲ್ಲುಗಾಲಿಗಳ ಜೋಡಿ, ಅಂದರೆ ಕ್ರೌನ್ ಪಿನಿಯನ್ ಹೋಗಿದೆ ಎಂದರು. ಗುಜರಿಯಿಂದ ತಂದ ಬೇರೊಂದು ಸೆಟ್ ಕೂರಿಸಿದರು. ದೊಡ್ಡ ಮೊತ್ತವನ್ನೇ ಕೊಟ್ಟೆ. ವಾಪಸು ಬರುವಾಗ ಗಾಜನೂರು ದಾಟುವ ಮೊದಲೇ ‘ಧಡ್’ ಮತ್ತೆ ಕೇಳಿಸಿತು. ಅದರ ಜೊತೆಗೆ, ಮೊದಲು ಇಲ್ಲದಿದ್ದ ‘ಗೊಂಯ್’ ಎಂಬ ಸದ್ದು ಐವತ್ತರ ವೇಗದಲ್ಲಿ ಸೇರಿಕೊಂಡಿತ್ತು. ಚೆನ್ನಾಗಿದ್ದ ಹಲ್ಲುಗಳನ್ನು ಕಳಚಿ ಕೊಟ್ಟುಬಿಟ್ಟೆನಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಕೊನೆಗೆ ನಮ್ಮ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಮನೆಗೇ ಕರೆಸಿದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. “ಸದ್ದು ಯಾವಾಗ ಬರುತ್ತದೆ ಎಂದು ನೀವು ಹೇಳಿ ಗೌಡರೇ. ಎಲ್ಲಿಂದ ಬರುತ್ತದೆ ಎಂದು ಆಮೇಲೆ ನಾನು ಹೇಳುತ್ತೇನೆ” ಎಂದರು. ಮೊದಲು ಡಿಕ್ಕಿಯಲ್ಲಿದ್ದ ಜಾಕು, ಸ್ಟೆಪ್ನಿ ಎಲ್ಲವನ್ನೂ ಜಗಲಿಗೆ ಇಳಿಸಿಸಿದರು. ಸೈಲೆನ್ಸರ್ ಪೈಪ್ ಆಕ್ಸಲ್‌ಗೆ ತಗಲುತ್ತಿಲ್ಲ ಎಂದು ಕೈಯಿಂದ ಅಲುಗಿಸಿ ನೋಡಿದರು.

ಆಮೇಲೆ ಅಡಕೆ ಒಣಹಾಕುವ ಅಂಗಳದ ಸಮತಟ್ಟಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಗೇರಿನಲ್ಲಿಟ್ಟು ಹ್ಯಾಂಡ್ ಬ್ರೇಕ್ ಬಿಡಿಸಿದರು. ನಾನೂ ತಮ್ಮನೂ ಹಿಂದೆ ಮುಂದೆ ತೂಗಿದೆವು. ‘ಟಕ್, ಟಕ್.’ ಹಾಗೆ ತೂಗಿದಾಗ ಗೇರ್‌ಬಾಕ್ಸಿನಿಂದ ಚಕ್ರದವರೆಗಿನ ಸಡಿಲವೆಲ್ಲ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬಡಿಯುತ್ತದೆ. ಮುಂದಿನ ಪರೀಕ್ಷೆಗೆ ನ್ಯೂಟ್ರಲ್‌ಗೆ ತಂದು ಹ್ಯಾಂಡ್ ಬ್ರೇಕ್ ಬಿಗಿದರು. ಈಗ ಹಿಂದಿನ ಚಕ್ರಗಳು ಉರುಳುವುದಿಲ್ಲ. ತೂಗಿದಷ್ಟೂ ಭಾರ ಬೀಳುವುದು ಆಕ್ಸಲ್ ಅನ್ನು ಹಿಡಿದಿರುವ ಕಮಾನು ಪಟ್ಟಿ, ಅದನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್, ಪಟ್ಟಿಯ ತುದಿಯನ್ನು ಕಾರಿನ ಅಡಿಗೆ ಸೇರಿಸುವ ಶಾಕಲ್‌ಗಳ ಮೇಲೆ. ‘ಧಡ್’ ಬಂದದ್ದು ಆಗ. ಗ್ಯಾರೇಜಿನವರು ಒಂದೇ ಎಂದುಕೊಂಡದ್ದು ಎರಡು ಬೇರೆ ಸದ್ದುಗಳಾಗಿದ್ದವು, ಎರಡೂ ಡಿಫರೆನ್ಷಿಯಲ್‌ನವಲ್ಲ.

ಹಿಂಭಾಗವನ್ನು ಎತ್ತಿ ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರಗಳಿಗೆ ಕಲ್ಲು ಇಟ್ಟು ಅಡಿಗೆ ಹೋದೆವು. (ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾರೂ ಹೋಗಬೇಡಿ.) ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ಜಾಯಿಂಟ್ ಕ್ರಾಸ್‌ನ ಬಟ್ಟಲುಗಳ ಸುತ್ತ ಕೆಮ್ಮಣ್ಣಿನಂಥ ಪುಡಿ ಕೂತಿತ್ತು. ಒಳಗೆ ನೀರು ಹೊಕ್ಕು ಗ್ರೀಸ್ ತೊಳೆದುಹೋಗಿದೆ ಎಂಬುದರ ಗುರುತು ಅದು. ಬಿಚ್ಚಿದಾಗ ಸೂಜಿ ರೋಲರ್‌ಗಳು ಪಿನ್ನಿನ ಮೇಲೆ ಕೊರೆದಿದ್ದ ಗೀರುಗಳು ಉಗುರಿಗೆ ಸಿಗುತ್ತಿದ್ದವು. ‘ಟಕ್’ ಹುಟ್ಟುತ್ತಿದ್ದದ್ದು ಇಲ್ಲಿ.

‘ಧಡ್’ಗೆ ಕಾರಣವಾದ, ಶಾಕಲ್ಲಿನ ಒಳಗೆ ಕೂರುವ ರಬ್ಬರ್ ಬುಷ್‌ಗಳ ವಿಷಯ ನನಗೆ ಹೆಚ್ಚು ನೋವು ತಂದಿತು. ಒತ್ತಿದರೆ ಹಣ್ಣು ಹಲಸಿನ ತೊಳೆಯಂತೆ ಮೆತ್ತಗಾಗಿ ಬೆರಳಿಗೆ ಕಪ್ಪು ಹತ್ತುತ್ತಿತ್ತು. ತುಕ್ಕು ಹಿಡಿಯಬಾರದೆಂದು ನಮ್ಮಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅಡಿಗೆಲ್ಲ ಹಳೇ ಆಯಿಲ್ ಹೊಡೆಸುತ್ತೇವೆ. ತಗಡನ್ನು ಉಳಿಸುವ ಅದೇ ಎಣ್ಣೆ ರಬ್ಬರನ್ನು ತಿನ್ನುತ್ತದೆ. ಈಗ ಬುಷ್ ಇರುವ ಕಡೆ ಪ್ಲಾಸ್ಟಿಕ್ ಸುತ್ತಿ ಉಳಿದ ಕಡೆಗೆ ಮಾತ್ರ ಹೊಡೆಸುತ್ತೇನೆ.

ಹೊಸ ಬುಷ್‌ಗಳನ್ನು ಗ್ರೀಸ್ ಬದಲು ಸೋಪಿನ ನೀರು ಸವರಿ ಕೂರಿಸಿದರು. ಬೋಲ್ಟ್‌ಗಳನ್ನು ಪೂರ್ತಿ ಬಿಗಿದದ್ದು ಕಾರು ನೆಲಕ್ಕಿಳಿದು ತನ್ನ ಭಾರವನ್ನು ತಾನೇ ಹೊತ್ತ ಮೇಲೆ. ಆಕ್ಸಲ್ ಜೋಲುತ್ತಿರುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಯು ಬೋಲ್ಟ್‌ಗಳನ್ನು ಕೆಲವು ದಿನ ಓಡಿಸಿದ ಮೇಲೆ ಮತ್ತೆ ಬಿಗಿದೆವು, ಅರ್ಧ ಸುತ್ತು ಬಂತು. ಎಲ್ಲ ಸೇರಿ ಶಿವಮೊಗ್ಗದಲ್ಲಿ ಕೊಟ್ಟ ಹಣದ ಹತ್ತನೇ ಒಂದು ಪಾಲೂ ಆಗಲಿಲ್ಲ.

2014ರ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಹಾಗಾಗಿ ಕಾರಿನಲ್ಲಿರುವ ಮೂಲ ಭಾಗಗಳನ್ನು ಸುಮ್ಮನೆ ಬಿಚ್ಚಿಸಬೇಡಿ. ಹಳೆಯದನ್ನು ಕೊಳ್ಳಲು ಹೊರಟವರು ಬೆಲೆ ಮಾತಾಡುವ ಮೊದಲು ಆ ಎರಡು ಬಗೆಯ ತೂಗುವಿಕೆಯನ್ನು ಮಾಡಿ ನೋಡಿ, ಮಾರುವವರು ಬೇಡವೆನ್ನಲಾರರು. ನನ್ನ ಕಾರಿನಲ್ಲಿ ‘ಟಕ್’, ‘ಧಡ್’ ಎರಡೂ ಹೋಗಿ ಎರಡು ಮಳೆಗಾಲ ಕಳೆದಿವೆ. ‘ಗೊಂಯ್’ ಮಾತ್ರ ಉಳಿದಿದೆ. ಡಿಫರೆನ್ಷಿಯಲ್ ಹೌಸಿಂಗ್‌ನಲ್ಲಿ 90 ಗ್ರೇಡಿನ ಗೇರ್ ಆಯಿಲ್ ಮಟ್ಟವನ್ನು ತಿಂಗಳಿಗೊಮ್ಮೆ ನೋಡುತ್ತಾ, ಐವತ್ತರ ಒಳಗೇ ಓಡಿಸುತ್ತಿದ್ದೇನೆ.