ಆಯಿಯ ಸತ್ಯವೇದ ಉಳಿಸಿಕೊಟ್ಟ ಬೀದರಿನ ಬೈಂಡಿಂಗ್ ಅಂಗಡಿ

ಹಳೇ ಪುಸ್ತಕ ಹಾಳಾಗಿದೆ, ಬೀದರಿನಲ್ಲಿ ಯಾರು ಕಟ್ಟಿಕೊಡ್ತಾರೆ ಅಂತ ಹುಡುಕುವವರು ಚೌಬಾರಾ ಗೋಪುರದಿಂದ ಗವಾನ್ ಮದರಸಾ ಕಡೆ ನಡೆಯಿರಿ. ಮಧ್ಯೆ ಒಂದು ಗಲ್ಲಿಯಲ್ಲಿದೆ ಅಂಗಡಿ. ಬೋರ್ಡಿಲ್ಲ. ಬಾಗಿಲಲ್ಲಿ ರಟ್ಟಿನ ರಾಶಿ ಕಂಡರೆ ಅದೇ.

ನಾನು ಒಯ್ದಿದ್ದು ನಮ್ಮ ಆಯಿಯ ಸತ್ಯವೇದ, ಅಂದ್ರೆ ಬೈಬಲ್. ಅಜ್ಜಿಯನ್ನು ನಾವು ಆಯಿ ಅಂತಲೇ ಕರೆಯೋದು. ಅವರು 2011ರಲ್ಲಿ ತೀರಿಕೊಂಡ ಮೇಲೆ ಅದು ನನ್ನ ಕೈಗೆ ಬಂತು. ಬಟ್ಟೆ ಸುತ್ತಿ ಗೋಡೆ ಅಲಮಾರಿಯ ಮೇಲಿನ ಖಾನೆಯಲ್ಲಿಟ್ಟೆ. ಗೌರವದಿಂದಲೇ ಇಟ್ಟೆ. ಹೋದ ವರ್ಷ ಸುಣ್ಣ ಹೊಡೆಸಲು ಅಲಮಾರಿ ಖಾಲಿ ಮಾಡಿದಾಗ ಬಟ್ಟೆ ಬಿಚ್ಚಿದರೆ ಮಣ್ಣು ಉದುರಿತು. ಮೇಲಿನ ರಟ್ಟು ಹಾಗೇ ಇತ್ತು, ಒಳಗೆ ಬೆನ್ನಿನ ಕಡೆಯಿಂದ ಒರಲೆ ತಿಂದು ಯೆಶಾಯ, ಯೆರೆಮೀಯದ ಹಾಳೆಗಳು ಜರಡಿಯಾಗಿದ್ದವು.

ಅಂಗಡಿಯ ಚಾಚಾ ಅದನ್ನು ತಿರುವಿ ನೋಡಿ ಒಂದೇ ಮಾತು ಹೇಳಿದರು. ‘ದಿನಾ ಓದೋ ಪುಸ್ತಕದ ಮೂಲೆ ಹರೀತಾವ, ಹೊಲಿಗೆ ಸಡಲ ಆಗ್ತದ. ಒರಲೆ ಹತ್ತೋದು ಇಟ್ಟ ಪುಸ್ತಕಕ್ಕ.’ ಬೈಯಲಿಲ್ಲ ಅವರು, ಕೆಲಸದ ಮಾತು ಅಷ್ಟೇ. ನನಗೆ ಮಾತ್ರ ಉತ್ತರ ಹೊಳೆಯಲಿಲ್ಲ.

ಯಾಕಂದ್ರೆ ಆಯಿಗೆ ಒಂದು ರೂಢಿ ಇತ್ತು. ಬೆಳಿಗ್ಗೆ ಓದಿ ಮುಗಿಸಿದ ಕಡೆ ಅಂಚಿನಲ್ಲಿ ಸಣ್ಣದಾಗಿ ಪೆನ್ಸಿಲ್ಲಿನಿಂದ ತಾರೀಖು ಬರೀತಿದ್ದರು. ಕೆಲವು ಪುಟಗಳಲ್ಲಿ ಮೂರು, ನಾಲ್ಕು ತಾರೀಖು, ಬೇರೆ ಬೇರೆ ವರ್ಷದವು. ಆಯಿ ತೀರಿಕೊಂಡ ಮೇಲಿನದು ಒಂದೂ ಇಲ್ಲ. ಅಷ್ಟೂ ವರ್ಷ ನಾನು ಭಾನುವಾರ ತಪ್ಪಿಸಿದವನಲ್ಲ, ಕಾಣಿಕೆ ಹಾಕಿದ್ದೇನೆ, ಕ್ರಿಸ್ಮಸ್ ಮಾಡಿದ್ದೇನೆ. ಆದರೆ ಮನೆಯಲ್ಲಿ ಒಬ್ಬನೇ ಕೂತು ಓದಿದ್ದು, ಮೊಣಕಾಲೂರಿದ್ದು ಯಾವಾಗ ಅಂತ ಕೇಳಿದರೆ ತಾರೀಖು ಹೇಳಲಾರೆ. ಇಬ್ರಿಯರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಇಷ್ಟು ದೊಡ್ಡ ರಕ್ಷಣೆಯನ್ನು ಅಲಕ್ಷ್ಯ ಮಾಡಿದರೆ ತಪ್ಪಿಸಿಕೊಳ್ಳೋದು ಹೇಗೆ ಅಂತ ಕೇಳ್ತಾರಲ್ವಾ, ಅಲ್ಲಿರೋದು ತಿರಸ್ಕಾರದ ಮಾತಲ್ಲ, ಅಲಕ್ಷ್ಯದ ಮಾತು. ನಾನು ಯಾವತ್ತೂ ಬೇಡ ಅಂದಿರಲಿಲ್ಲ. ಸುಮ್ನೆ ಇಟ್ಟಿದ್ದೆ. ಜ್ಞಾನೋಕ್ತಿ 24ರಲ್ಲಿ ಬರುವ ಸೋಮಾರಿಯ ಹೊಲವೂ ಹಾಗೇ. ಅದರ ಕಲ್ಲಿನ ಗೋಡೆ ಒಡೆದವರು ಯಾರು ಅಂತ ಅಲ್ಲಿ ಬರೆದಿಲ್ಲ, ನೋಡುವವರಿಲ್ಲದೆ ಬಿತ್ತು.

ನಮ್ಮ ನೌಬಾದಿನ ಕರೇಜ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಬಹಮನಿ ಕಾಲದ ಸುರಂಗ ಕಾಲುವೆ, ಕಲ್ಲು ಕೊರೆದು ಮಾಡಿದ್ದು. ನೋಡುವವರಿಲ್ಲದೆ ಹೂಳು, ಕಸ ತುಂಬಿತ್ತು. ಹೂಳು ತೆಗೆದ ಮೇಲೆ ಒಳಗೆ ಮತ್ತೆ ನೀರು ಕಂಡಿತು. ಆದಿಕಾಂಡ 26ರಲ್ಲಿ ಇಸಾಕನೂ ಇದನ್ನೇ ಮಾಡಿದ. ಅಪ್ಪ ಅಬ್ರಹಾಮನ ಕಾಲದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು, ಇವನು ಅವನ್ನೇ ಮತ್ತೆ ಅಗೆಸಿದ.

ಕೆಲಸಕ್ಕೆ ಬರ್ತೀನಿ. ಚಾಚಾ ಹಳೇ ಅಂಟನ್ನೆಲ್ಲ ನೆನೆಸಿ ಕೆರೆದರು. ತೂತು ಬಿದ್ದ ಹಾಳೆಗಳಿಗೆ ತೆಳು ಟಿಶ್ಯೂ ಕಾಗದ ಅಂಟಿಸಿದರು. ಒಂದೊಂದು ಮಡಿಕೆಯನ್ನೂ ಬೇರೆ ಬೇರೆಯಾಗಿ ದಾರದಲ್ಲಿ ಹೊಲಿದರು, ಪಿನ್ ಹೊಡೆಯಲಿಲ್ಲ. ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ, ಹುಳ ಹತ್ತಬಾರದು ಅಂತ. ನನಗೆ ಬಹಳ ಹಿಡಿಸಿದ್ದು ಇನ್ನೊಂದು: ಅಂಚು ನೇರ ಮಾಡಲು ಯಂತ್ರಕ್ಕೆ ಕೊಡುವ ಮೊದಲು ಫೋನ್ ಮಾಡಿದರು. ‘ಪೆನ್ಸಿಲ್‌ಲೆ ತಾರೀಖ ಬರ್ದಾರ, ಕತ್ತರಿಸಿದ್ರ ಹೋಗ್ತಾವ, ಏನ್ ಮಾಡ್ಲಿ?’ ಕತ್ತರಿಸಬೇಡಿ ಅಂದೆ. ಅಂಚು ಈಗಲೂ ಏರುಪೇರಾಗಿದೆ. ತಾರೀಖುಗಳೆಲ್ಲ ಉಳಿದಿವೆ. ಆಯಿಯ ಕೊನೆಯ ತಾರೀಖಿನ ಕೆಳಗೆ ನನ್ನದು ಶುರುವಾಗಿದೆ.

ತಕರಾರು ಎರಡು. ಎಂಟು ದಿನ ಅಂದಿದ್ದು ಇಪ್ಪತ್ತು ದಿನವಾಯ್ತು. ಬೆನ್ನಿನ ಮೇಲಿನ ಬಂಗಾರದ ಅಕ್ಷರ ಸ್ವಲ್ಪ ವಾರೆಯಾಗಿದೆ. 600 ರೂಪಾಯಿ ತಗೊಂಡರು, ಈ ಕೆಲಸಕ್ಕೆ ಜಾಸ್ತಿ ಅಲ್ಲ.

ಶುಕ್ರವಾರ ಮಧ್ಯಾಹ್ನ ನಮಾಜಿಗೆ ಅಂಗಡಿ ಮುಚ್ಚಿರುತ್ತೆ, ಆ ಹೊತ್ತಿಗೆ ಹೋಗಬೇಡಿ. ಬಿಡಿ ಹಾಳೆಗಳಿದ್ದರೆ ಪುಟದ ನಂಬರ್ ಪ್ರಕಾರ ಜೋಡಿಸಿ ಒಯ್ಯಿರಿ. ಮನೆಯಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಅದನ್ನು ಕಿತ್ತರೆ ಅಕ್ಷರವೂ ಬರುತ್ತೆ.