ವಿವಿ ಅಸಲಿ, ಡಿಗ್ರಿ ಮಾತ್ರ ಇರಲಿಲ್ಲ

ನಾನು ಬಾಗಲಕೋಟೆ ನವನಗರದವನು. ಸಮಾಜಶಾಸ್ತ್ರದಲ್ಲಿ ಎಂಎ ಆಗಿತ್ತು. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರ ಬಗ್ಗೆ ಸಂಶೋಧನೆ ಮಾಡುವ ಆಸೆ. ನಮ್ಮದೂ ಮುಳುಗಡೆ ಮನೆತನವೇ.

2023ರ ಬೇಸಿಗೆಯಲ್ಲಿ ವಿಜಯಪುರದ ಒಂದು 'ಸಂಶೋಧನಾ ಕೇಂದ್ರ'ಕ್ಕೆ ಹೋದೆ. ಹೊರರಾಜ್ಯದ ವಿವಿಯಿಂದ ಎಂಫಿಲ್ (ಎಂಎ ಮತ್ತು ಪಿಎಚ್‌ಡಿ ನಡುವಿನ ಸಂಶೋಧನಾ ಪದವಿ), ಅದರ ಮೇಲೆ ನೇರ ಪಿಎಚ್‌ಡಿ, ಪರೀಕ್ಷೆ ಇಲ್ಲ, ಭಾನುವಾರ ಮಾತ್ರ ಕ್ಲಾಸು ಎಂದರು. ನಾನೂ ಪೂರ್ತಿ ದಡ್ಡನಲ್ಲ. ವಿವಿಗಳ ಮೇಲೆ ನಿಗಾ ಇಡುವ ಕೇಂದ್ರದ ಆಯೋಗ ಯುಜಿಸಿಯ ನಕಲಿ ವಿವಿ ಪಟ್ಟಿಯಲ್ಲಿ ವರ್ಷಗಟ್ಟಲೆ ನಮ್ಮ ಗೋಕಾಕದ್ದೂ ಒಂದಿತ್ತು, ಹಾಗಾಗಿ ಈ ಕಡೆಯವರಿಗೆ ಆ ಭಯ ಇದ್ದೇ ಇರುತ್ತದೆ. ಹುಡುಕಿದೆ. ವಿವಿ ಅಸಲಿಯೇ. ಅವ್ವನ ಪಾಟ್ಲಿ ಅಡವಿಟ್ಟು 60 ಸಾವಿರ ಕಟ್ಟಿದೆ.

ವಿವಿ ನೋಡಿದೆ, ಕೋರ್ಸ್ ನೋಡಲಿಲ್ಲ. 2022ರ ನವೆಂಬರ್‌ನಲ್ಲೇ ಹೊಸ ಪಿಎಚ್‌ಡಿ ನಿಯಮ ಬಂದು ಎಂಫಿಲ್ ನಿಂತಿತ್ತು! ಮೊದಲೇ ಸೇರಿದ್ದವರಿಗೆ ಚಿಂತೆ ಇಲ್ಲ. 2023ರ ಡಿಸೆಂಬರ್‌ನಲ್ಲಿ ಯುಜಿಸಿ, ಎಂಫಿಲ್ ಮಾನ್ಯ ಪದವಿಯಲ್ಲ, ಸೇರಬೇಡಿ ಎಂದು ಮತ್ತೆ ಹೇಳಿತು. ಅದನ್ನು ಪೇಪರ್‌ನಲ್ಲಿ ಓದಿದಾಗಲೇ ನನಗೆ ಗೊತ್ತಾಗಿದ್ದು.

ಅನುಮಾನ ಅದಕ್ಕೂ ಮೊದಲೇ ಬರಬೇಕಿತ್ತು. ಸಂಶೋಧನಾ ವಿಧಾನದ ಕ್ಲಾಸು ಎರಡೇ ಭಾನುವಾರ ನಡೆಯಿತು. ಪುನರ್ವಸತಿ ಊರುಗಳಿಗೆ ಹೋಗಿ ಸರ್ವೆ ಮಾಡುತ್ತೇನೆ ಎಂದರೆ, "ಯಾಕ ಬಿಸಿಲಾಗ ತಿರಗ್ತೀರಿ? 150 ಮನಿ ಡೇಟಾ ನಾವ ತುಂಬಿ ಕೊಡ್ತೇವ್ರಿ" ಎಂದರು. ಆ 150ರಲ್ಲಿ ನಮ್ಮ ಮನೆಯೂ ಒಂದಾಗುತ್ತಿತ್ತೇನೋ. ಆಗ ನಕ್ಕು ಸುಮ್ಮನಾದೆ ನೋಡಿ, ಅದಕ್ಕೇ ಈಗ ಜಾಸ್ತಿ ನಾಚಿಕೆ.

ಈಗ ಸರಿಯಾದ ದಾರಿ ಹೇಳುತ್ತೇನೆ. ಪಿಎಚ್‌ಡಿಗೆ ಎಂಫಿಲ್ ಬೇಕಿಲ್ಲ. ಎಂಎಯಲ್ಲಿ ಶೇ 55 ಅಂಕ ಬೇಕು, ಮೀಸಲಾತಿ ಇದ್ದವರಿಗೆ ಶೇ 5 ಸಡಿಲಿಕೆ. ಆಮೇಲೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ವಿವಿಯದೇ ಪ್ರವೇಶ ಪರೀಕ್ಷೆ, ಸಂದರ್ಶನ. 2024ರ ಜೂನ್ ಪರೀಕ್ಷೆಯಿಂದ ನೆಟ್‌ನಲ್ಲಿ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹತೆ ಕೊಡುವ ವರ್ಗವೂ ಇದೆ. ಆ ಅಂಕ ನಡೆಯುವುದು ಒಂದೇ ವರ್ಷ, ಮರೆಯಬೇಡಿ. ಸೇರಿದ ಮೇಲೆ ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್. ಸಂಶೋಧನಾ ವಿಧಾನ, ನೈತಿಕತೆ ಎಲ್ಲ ಅದರಲ್ಲೇ ಕಲಿಸುತ್ತಾರೆ. ದೂರಶಿಕ್ಷಣದ ಪಿಎಚ್‌ಡಿಗೆ ಮಾನ್ಯತೆಯೇ ಇಲ್ಲ.

ಯಾರಾದರೂ ಸೀಟು ಕೊಡಿಸುತ್ತೇನೆ ಎಂದರೆ, ಗೈಡ್ ಯಾರು, ಯಾವ ವಿಭಾಗದಲ್ಲಿ ಪಾಠ ಮಾಡುತ್ತಾರೆ, ಅವರ ಕೈಯಲ್ಲಿ ಈಗ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂದು ಕೇಳಿ. ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ಮಂದಿಯೇ ಮಿತಿ. ನಮ್ಮ ಕೇಂದ್ರದವರು ಗೈಡ್ ಹೆಸರನ್ನೇ ಹೇಳಿರಲಿಲ್ಲ.

ದುಡ್ಡು ವಾಪಸ್ ಕೇಳಲು ಮೂರು ಸಲ ಹೋದೆ. ರಸೀದಿ ತೆಗೆದು ತೋರಿಸಿದರು. ಅದರಲ್ಲಿ ವಿವಿಯ ಹೆಸರಿಲ್ಲ, ಪ್ರವೇಶ ಶುಲ್ಕ ಎಂದೂ ಇಲ್ಲ. 'ಮಾರ್ಗದರ್ಶನ ಸೇವೆ' ಎಂದಷ್ಟೇ ಇತ್ತು, ಕೆಳಗೆ ನನ್ನದೇ ಸಹಿ.