ಟ್ರೈಕೋಗ್ರಾಮಾ ಕಾರ್ಡ್: ಹುಳು ಹುಟ್ಟುವ ಮೊದಲೇ ತಡೆ

ಟೊಮೆಟೊಗೆ ಕಾಯಿಕೊರಕದ ಕಾಟ ತಾಳಲಾರದೆ ಈ ಕಾರ್ಡ್ ತರಿಸಿದೆ. ಪುಟ್ಟ ರಟ್ಟಿನ ಮೇಲೆ ಅಕ್ಕಿ ಪತಂಗದ ಸಾವಿರಾರು ಮೊಟ್ಟೆಗಳು ರವೆ ಎರಚಿದಂತೆ ಅಂಟಿಕೊಂಡಿವೆ. ಮೊಟ್ಟೆ ಕಪ್ಪಾಗಿದ್ದರೆ ಒಳಗೆ ಟ್ರೈಕೋಗ್ರಾಮಾ, ಅಂದರೆ ಬೇರೆ ಕೀಟದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪರತಂತ್ರ ಕಣಜ, ಬೆಳೆಯುತ್ತಿದೆ ಎಂದರ್ಥ. ಕೊಳ್ಳುವಾಗ ನೋಡಬೇಕಾದದ್ದು ಇದನ್ನೇ.

ಪಟ್ಟಿಗಳಾಗಿ ಕತ್ತರಿಸಿ ಎಲೆಗಳ ಅಡಿಗೆ ಪಿನ್ ಹೊಡೆದೆ. ಕಣಜಗಳು ಹೊರಬಂದ ಬೆಳಿಗ್ಗೆ ಭೂತಗನ್ನಡಿ ಹಿಡಿದು ಕುಳಿತೆ. ಅರ್ಧ ಮಿಲಿಮೀಟರಿನಷ್ಟಿದ್ದ ಒಂದು ಹೆಣ್ಣು, ಕಾಯಿಕೊರಕದ ಮೊಟ್ಟೆಯನ್ನೇರಿ ಕುಡಿಮೀಸೆಯಿಂದ ತಟ್ಟುತ್ತಾ ಅದರ ಅಳತೆ ನೋಡಿತು. ಆಮೇಲೆ ಹೊಟ್ಟೆಯ ತುದಿ ಬಾಗಿಸಿ ಚುಚ್ಚಿ, ಅಲುಗಾಡದೆ ನಿಂತಿತು. ಕೆಲವೇ ದಿನಗಳಲ್ಲಿ ಆ ಮೊಟ್ಟೆಯೂ ಕಪ್ಪಾಯಿತು! ಆಗ ಆದ ಸಂತೋಷ ಹೇಳತೀರದು.

ಆದರೆ ಮೊಟ್ಟೆಯೊಡೆದು ಬಂದ ಹುಳುವನ್ನು ಇದು ಏನೂ ಮಾಡದು. ಕಾಯಿಕೊರಕದ ಪತಂಗಗಳ ಹಾರಾಟ ಕಂಡಕೂಡಲೇ ಕಾರ್ಡ್ ಕಟ್ಟಬೇಕು, ಮತ್ತೆ ಮತ್ತೆ ಕಟ್ಟಬೇಕು. ಇರುವೆಗಳಿಂದ ಕಾಪಾಡಬೇಕು. ಜೊತೆಗೆ ಕೀಟನಾಶಕ ಸಿಂಪಡಿಸಿದರೆ ಕಣಜಗಳೂ ಸಾಯುತ್ತವೆ.

ನನ್ನ ದೂರು ಒಂದೇ. ಎರಡನೆಯ ಕಂತು ತಡವಾಗಿ ಬಂತು. ಲಕೋಟೆಯೊಳಗೇ ಕಣಜಗಳು ಹೊರಬಂದು ಕರಿಪುಡಿಯಂತೆ ಸತ್ತುಬಿದ್ದಿದ್ದವು. ನೋಡಿ ನಿಜವಾಗಿಯೂ ಸಂಕಟವಾಯಿತು. ಕಣಜ ಹೊರಬರುವ ದಿನಾಂಕವನ್ನು ಮಾರುವವರು ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯಲೇಬೇಕು.